ಕತ್ತಿಯಿಲ್ಲದೆ ವಿಜಾಪುರಕ್ಕೆ

ನಿಲ್ದಾಣ

ವಿಜಾಪುರಕ್ಕೆ ಹೋದದ್ದನ್ನು ಪರದೇಶ ಪ್ರಯಾಣವೆಂದರೆ ನಗುವವರಿದ್ದಾರೆ. ಅಲ್ಲಿಯೂ ಕನ್ನಡ, ಇಲ್ಲಿಯೂ ಕನ್ನಡ, ಅದೆಂಥ ಪರದೇಶ ಎನ್ನುತ್ತಾರೆ. ಹಾಗೆನ್ನುವವರು ವಿರಾಜಪೇಟೆಯಲ್ಲಿ ಬಸ್ಸು ಹತ್ತಿ, ಮೈಸೂರು ಸಂಸ್ಥಾನವನ್ನು ಈ ತುದಿಯಿಂದ ಆ ತುದಿಗೆ ದಾಟಿ, ಮುಂಬಯಿ ಸರ್ಕಾರದ ಸೀಮೆಯಲ್ಲಿ ಗಾಡಿ ಬದಲಾಯಿಸಿ, ಒಂದು ಬೆಳಿಗ್ಗೆ ಕಣ್ಣುಬಿಟ್ಟು ಕಿಟಕಿಯಾಚೆ ಮರವೇ ಇಲ್ಲದ ಕರಿನೆಲವನ್ನು ನೋಡಿದವರಲ್ಲ. ನಮ್ಮ ಕೊಡಗಿನಲ್ಲಿ ನೋಟ ಸ್ವಲ್ಪ ದೂರ ಹೋಗಿ ಗುಡ್ಡಕ್ಕೋ ಮರಕ್ಕೋ ತಾಗಿ ಹಿಂದಿರುಗುತ್ತದೆ. ಅಲ್ಲಿ ಹೋದ ನೋಟ ಹಿಂದಿರುಗುವುದೇ ಇಲ್ಲ. ಒಬ್ಬನೇ ಕುಳಿತವನಿಗೆ ಅದು ಒಳ್ಳೆಯದಲ್ಲ.

ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ನಾನು ಕಲಿಸುವ ಶಾಲೆಗೆ ರಜೆ. ನಾನೂ ನನ್ನ ತಮ್ಮ ಸೋಮಯ್ಯನೂ ಇದ್ದ ಮನೆಯಲ್ಲಿ ಈಗ ನಾನೊಬ್ಬನೇ. ಸೋಮಯ್ಯ ತೀರಿಕೊಂಡು ವರ್ಷವಾಗಿತ್ತು. ಧಾರವಾಡದ ಕಾಲೇಜಿನಲ್ಲಿ ನನ್ನೊಡನೆ ಒಂದೇ ಕೋಣೆಯಲ್ಲಿದ್ದ ಗುರುಲಿಂಗಪ್ಪ ವಿಜಾಪುರದಲ್ಲಿ ವಕೀಲನಾಗಿದ್ದ. ಬಂದು ಹೋಗು ಎಂದು ಎಷ್ಟೋ ಸಲ ಕರೆದಿದ್ದ. ಈ ಸಲ ಹೊರಟೆ.

ನಿಲ್ದಾಣದಲ್ಲಿ ಅವನೇ ನಿಂತಿದ್ದ. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು, ದನಿ ಮಾತ್ರ ಹಳೆಯದೇ. ನನ್ನನ್ನು ತಬ್ಬಿಕೊಂಡವನು ತಟ್ಟನೆ ಹಿಂದೆ ಸರಿದು ನನ್ನ ಸೊಂಟವನ್ನು ನೋಡಿದ.

"ಏನಪಾ ಮಾದಪ್ಪ, ಕತ್ತಿ ಎಲ್ಲಿ?"

"ಮನೆಯಲ್ಲೇ ಬಿಟ್ಟು ಬಂದೆ."

"ಹಂಗ್ಯಾಂಗ ಬಿಟ್ಟು ಬಂದಿ? ಕೊಡಗಿನ ಮಾಸ್ತರ ಸೊಂಟಕ್ಕ ಕತ್ತಿ ಕಟಗೊಂಡು ಬರ್ತಾನ ಅಂತ ನಾ ಊರಿಗೆಲ್ಲಾ ಹೇಳೇನಿ."

ತಪ್ಪು ಅವನದಲ್ಲ. ಆಯುಧದ ಕಾಯಿದೆ ಕೊಡಗಿನ ನಮಗೆ ತಾಗುವುದಿಲ್ಲ, ಕೋವಿ ಕತ್ತಿಗಳಿಗೆ ನಾವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ, ಮದುವೆಗೆ ಹೊರಟ ಗಂಡಸು ಸೊಂಟಪಟ್ಟಿಯಲ್ಲಿ ಪೀಚೆಕತ್ತಿ ಸಿಕ್ಕಿಸದಿದ್ದರೆ ಅರ್ಧ ಉಟ್ಟಂತೆ ಎಂದು ಧಾರವಾಡದ ದಿನಗಳಲ್ಲಿ ಕೊಚ್ಚಿಕೊಂಡವನು ನಾನೇ. ಬೆಳ್ಳಿಯ ಹಿಡಿಯ ಆ ಪುಟ್ಟ ಕತ್ತಿಯ ಚಿತ್ರವನ್ನೂ ಅವನಿಗೆ ಬರೆದು ತೋರಿಸಿದ್ದೆ. ಅದನ್ನು ಸಿಕ್ಕಿಸಿಕೊಳ್ಳುವುದನ್ನು ನಾನು ವರ್ಷದ ಹಿಂದೆಯೇ ಬಿಟ್ಟಿದ್ದೆನೆಂದು ಅವನಿಗೆ ಹೇಗೆ ತಿಳಿಯಬೇಕು?

ವಕೀಲರ ಮನೆ

ಮೊದಲ ದಿನವೇ ಎಡವಟ್ಟು. ಬಚ್ಚಲಲ್ಲಿ ಹಂಡೆ ತುಂಬ ನೀರಿತ್ತು. ನಮ್ಮ ರೂಢಿಯಂತೆ ತಲೆಯ ಮೇಲೆ ಸುರಿದುಕೊಳ್ಳುತ್ತಲೇ ಹೋದೆ. ಹೊರಗೆ ಬಂದಾಗ ಗುರುಲಿಂಗಪ್ಪನ ಹೆಂಡತಿ ನೀಲವ್ವ ಖಾಲಿ ಹಂಡೆಯನ್ನು ನೋಡಿ, ಸೆರಗು ಸಿಕ್ಕಿಸಿ, ಕೊಡ ಎತ್ತಿಕೊಂಡು ಬಾವಡಿಯ ಕಡೆಗೆ ಹೊರಟರು. ಅದು ಇಡೀ ಮನೆಯ ಒಂದು ದಿನದ ನೀರು. ಸಂಕೋಚದಿಂದ ನಾನೂ ಹಿಂದೆ ಹೋದೆ. "ಇರ್ಲಿ ಬಿಡ್ರಿ ಅಣ್ಣಾರ, ನಿಮ್ಮೂರಾಗ ನೀರಿಗೇನ ಬರ ಇಲ್ಲಂತ," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಎರಡನೆಯ ದಿನ ಊಟಕ್ಕೆ ಕುಳಿತಾಗ ಸ್ವಲ್ಪ ಅನ್ನ ಸಿಕ್ಕೀತೇ ಎಂದು ಕೇಳಿದೆ. ನೀಲವ್ವ ಗಾಬರಿಯಾಗಿ, "ಯಾಕ್ರಿ, ಜ್ವರ ಬಂದಾವೇನ್ರಿ?" ಎಂದರು. ಆ ಸೀಮೆಯಲ್ಲಿ ಆರೋಗ್ಯವಾಗಿರುವವನು ಜೋಳದ ರೊಟ್ಟಿ ತಿನ್ನುತ್ತಾನೆ. ಅನ್ನ ಹಾಸಿಗೆ ಹಿಡಿದವನಿಗೆ, ಇಲ್ಲವೇ ಹಬ್ಬಕ್ಕೆ. ಆಮೇಲೆ ನಾನು ರೊಟ್ಟಿಯನ್ನೇ ತಿಂದೆ. ಒಣರೊಟ್ಟಿ ಮುರಿಯುವ ಸದ್ದು ಮೊದಮೊದಲು ನನಗೇ ದೊಡ್ಡದಾಗಿ ಕೇಳುತ್ತಿತ್ತು.

ಗೋಳಗುಮ್ಮಟದ ಬಗ್ಗೆ ನಮ್ಮವರು ಕೇಳಿಯೇ ಕೇಳುತ್ತಾರೆ. ನೋಡಿದೆ, ಹೇಳುವಷ್ಟೇ ದೊಡ್ಡದಿದೆ. ಮೇಲಿನ ಸುತ್ತುಪಡಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ತುದಿಯಲ್ಲಿ ಕಿವಿಯಿಟ್ಟವನಿಗೆ ಕೇಳುತ್ತದಂತೆ. ಗುರುಲಿಂಗಪ್ಪನಿಗೆ ಕೋರ್ಟಿತ್ತು, ನಾನೊಬ್ಬನೇ ಹತ್ತಿದ್ದೆ. ಎದುರು ತುದಿಯಲ್ಲಿ ಯಾರೂ ಇರಲಿಲ್ಲ. ಕೆಮ್ಮಿದೆ, ಕೆಮ್ಮು ಸುತ್ತಿಕೊಂಡು ನನ್ನ ಹತ್ತಿರವೇ ಬಂತು. ಅಲ್ಲಿಗೆ ಹೋಗುವವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಊರಿನಲ್ಲಿ ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಚೂರಿಯ ಕಾಯಿದೆ. ನಾನು ಹೋಗುವುದಕ್ಕೆ ಮುಂಚೆ ಪೇಟೆಯಲ್ಲಿ ಇಬ್ಬರು ಹಮಾಲರು ಗಾಡಿ ತುಂಬುವ ಸರದಿಗಾಗಿ ಜಗಳವಾಡಿದ್ದರು. ಚೀಲದ ಹೊಲಿಗೆ ಬಿಚ್ಚುವ ಚಾಕು ಒಬ್ಬನ ಕೈಯಲ್ಲಿತ್ತು. ಇನ್ನೊಬ್ಬ ಸತ್ತ. ಮೊದಲ ದಿನ ಹಿಂದೂ ಮುಸಲ್ಮಾನರ ಗಲಭೆಯೆಂದು ಸುದ್ದಿ ಹಬ್ಬಿ ಅಂಗಡಿಗಳು ಬಾಗಿಲು ಹಾಕಿದವಂತೆ. ಇಬ್ಬರೂ ತಿಕೋಟಾದ ಒಂದೇ ಓಣಿಯ ಮುಸಲ್ಮಾನ ಹುಡುಗರು, ಒಂದೇ ತಾಟಿನಲ್ಲಿ ಉಂಡವರು ಎಂದು ತಿಳಿದ ಮೇಲೆ ತೆರೆದವು. ಆದರೆ ಹೆದರಿಕೆ ಉಳಿಯಿತು. ಅಧಿಕಾರಿಗಳು ಒಂದು ಕರಡು ಮಾಡಿದರು. ಆರು ಬೆರಳಿಗಿಂತ ಉದ್ದನೆಯ ಅಲಗನ್ನು ಪರವಾನಗಿಯಿಲ್ಲದೆ ಬೀದಿಯಲ್ಲಿ ಒಯ್ಯಬಾರದು. ಮನೆಯಲ್ಲಿರುವ ಅಂಥ ಅಲಗನ್ನೆಲ್ಲ ಚಾವಡಿಯಲ್ಲಿ ಬರೆಸಬೇಕು. ಪಟ್ಟಣದವರೂ ಹಳ್ಳಿಯವರೂ ತಮ್ಮ ಅಭಿಪ್ರಾಯ ಹೇಳಿದ ಮೇಲೆ ಮುಂದಿನ ಮಾತು. ವಿಜಾಪುರ, ತಿಕೋಟಾ, ಬಬಲೇಶ್ವರದಲ್ಲಿ ಆ ಅಭಿಪ್ರಾಯಗಳನ್ನು ಕೇಳಿ ಬರೆದುಕೊಡುವ ಕೆಲಸ ಗುರುಲಿಂಗಪ್ಪನಿಗೆ ಬಂದಿತ್ತು.

ಅವನಿಗೆ ಕಾಯಿದೆ ಬೇಡವಾಗಿತ್ತು. "ಬಂದೂಕ ಇಸಕೊಂಡ್ರು, ಸುಮ್ಮನಿದ್ವಿ. ನಾಳಿ ಸ್ವರಾಜ್ಯ ಬರೂ ಹೊತ್ತಿನ್ಯಾಗ ಕಾಯಿಪಲ್ಲೆ ಹೆಚ್ಚೂ ಇಳಗೀನೂ ಇಸಕೊಳ್ಳಾಕ ಬಂದಾರ," ಎನ್ನುತ್ತಿದ್ದ.

ವಾಚನಾಲಯದ ಸಭೆಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಒಬ್ಬ ಸಿಂಪಿಗ ಎದ್ದು, ಕುಡಗೋಲನ್ನು ಬಾಗಿದ ಮೇಲೆ ಅಳೆಯಬೇಕೋ ನೆಟ್ಟಗೆ ಅಳೆಯಬೇಕೋ ಎಂದು ಕೇಳಿದ. ಮುದುಕರೊಬ್ಬರು ತಮ್ಮ ಅಡಕೊತ್ತನ್ನು ಚೀಲದಿಂದ ತೆಗೆದು ತೋರಿಸಿ, ಇದು ಅಲಗೋ ಅಲ್ಲವೋ ಎಂದರು. ಜನ ನಕ್ಕರು. ಇಮಾಮಸಾಬ ಎಂಬ ಕಸಾಯಿ ಎದ್ದಾಗ ನಗು ನಿಂತಿತು.

"ನಮ್ಮ ಮನಿ ಇಬ್ರಾಹಿಂಪುರದಾಗ ಐತ್ರಿ, ಅಂಗಡಿ ಪ್ಯಾಟ್ಯಾಗ. ಮನ್ಯಾಗ ನಾ ಕಸಾಯಿ, ಅಂಗಡ್ಯಾಗ ನಾ ಕಸಾಯಿ. ನಡುವ ಹಾದ್ಯಾಗ ನಾ ಯಾರ್ರಿ?"

ಗುರುಲಿಂಗಪ್ಪ ಅದೇ ಸಮಯವೆಂದು ನನ್ನ ಕಡೆಗೆ ಕೈ ತೋರಿಸಿದ. "ನಮ್ಮ ಗೆಳೆಯಾ ಕೊಡಗಿನಿಂದ ಬಂದಾನ. ಅಲ್ಲಿ ಹುಟ್ಟಿದ ಗಂಡಸಿಗೆಲ್ಲಾ ಕತ್ತಿ ಐತಿ. ಹಂಗಂತ ಅಲ್ಲಿ ದಿನಾ ಹೆಣ ಬೀಳತಾವೇನು? ಬಬಲೇಶ್ವರದ ಸಭಾದಾಗ ಅವನ ಬಾಯಿಂದನ ಕೇಳ್ರಿ."

ಎಲ್ಲರೂ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ವಿನಯವೆಂದುಕೊಂಡರು.

ತಿಕೋಟಾ

ತಿಕೋಟಾಕ್ಕೆ ಹೋಗುವ ಮೋಟಾರು ತೊರವಿ ದಾಟಿದ ಮೇಲೆ ನಿಂತುಹೋಯಿತು. ಚಾಲಕ ಇಳಿದು ಯಂತ್ರದ ಒಳಗೆ ತಲೆ ಹಾಕಿದ. ನಮ್ಮಲ್ಲಾದರೆ ಜನ ಗೊಣಗುತ್ತಾರೆ. ಇಲ್ಲಿ ಎಲ್ಲರೂ ಇಳಿದು, ಮೋಟಾರಿನ ನೆರಳಿನಲ್ಲಿ ಸಾಲಾಗಿ ಕುಳಿತು, ಬುತ್ತಿ ಬಿಚ್ಚಿ, ಗುರುತಿಲ್ಲದವರಿಗೂ ರೊಟ್ಟಿ ಮುರಿದುಕೊಟ್ಟು ಮಾತಿಗೆ ತೊಡಗಿದರು. ನನಗೂ ಕೊಟ್ಟರು. ಯಾವೂರು, ಮಕ್ಕಳೆಷ್ಟು ಎಂದು ಕೇಳಿದರು. ಮದುವೆಯಾಗಿಲ್ಲ ಎಂದೆ. ಪಾಪ ಎಂದು ಇನ್ನೊಂದು ರೊಟ್ಟಿ ಕೊಟ್ಟರು.

ತಿಕೋಟಾದ ಚಾವಡಿಯಲ್ಲಿ ಜನ ತುಂಬಿದ್ದರು. ಸತ್ತ ಹುಡುಗ ಅವರ ಊರಿನವನು. ಹೆಚ್ಚಿನವರು ಕಾಯಿದೆ ಆಗಲಿ ಎಂದರು. ಕೆಲವರು ಹೊಲದ ಕೆಲಸಕ್ಕೆ ತೊಂದರೆ ಎಂದರು. ಎಲ್ಲರ ಮಾತು ಮುಗಿದ ಮೇಲೆ ಬಾಗಿಲ ಬಳಿ ಕುಳಿತಿದ್ದ ಹೆಂಗಸೊಬ್ಬಳು ಎದ್ದು ನಿಂತಳು. ಮಾಬೂಬಿ, ಸತ್ತ ದಾವಲನ ತಾಯಿ. ಸಣ್ಣ ಆಳು, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಮಾತಾಡಲು ಅದನ್ನು ಬಿಟ್ಟಳು.

"ನಮ್ಮ ದಾವಲ, ಲಾಲ್ಯಾ, ಇಬ್ರೂ ಸಣ್ಣವ್ರಿದ್ದಾಗಿಂದ ಬಡದಾಡಿಕೋತನ ಬೆಳದಾರ್ರಿ. ಹಲ್ಲ ಬಿದ್ದಾವ, ತುಟಿ ಹರದಾವ. ಸಂಜಿಗಿ ಇಬ್ರೂ ಕೂಡೇ ಉಣ್ಣಾಕ ಬರ್ತಿದ್ರು. ಅವತ್ತೂ ಮುಷ್ಟೀಲೆ ಬಡದಿದ್ರ ಇಬ್ರೂ ಉಣ್ಣಾಕ ಬರ್ತಿದ್ರು. ಅಷ್ಟ ನನ್ನ ಮಾತು."

ಸೆರಗನ್ನು ಮತ್ತೆ ಕಚ್ಚಿಕೊಂಡು ಕುಳಿತಳು. ಗುರುಲಿಂಗಪ್ಪ ಬರೆದುಕೊಂಡ.

ಸಭೆ ಮುಗಿದ ಮೇಲೆ ಅವಳು ನಮ್ಮನ್ನು ಮನೆಗೆ ಕರೆದಳು. ಬೇಡವೆನ್ನಲಾಗಲಿಲ್ಲ. ಒಂದು ಕೋಣೆಯ ಮನೆ, ಮಣ್ಣಿನ ಗೋಡೆ, ಒಳಗೆ ತಂಪು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಳ್ಳಾಗಡ್ಡಿಯನ್ನು, ನಮ್ಮ ಈರುಳ್ಳಿಯನ್ನು, ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು ಕೊಟ್ಟಳು. ಅದು ಆ ಸೀಮೆಯ ಪದ್ಧತಿ. ಹೊಲದಲ್ಲಿ ಎಲ್ಲರೂ ಹಾಗೆಯೇ ತಿನ್ನುವುದನ್ನು ನೋಡಿದ್ದೆ. ಆದರೆ ಪಲ್ಯದ ಸೊಪ್ಪೂ ಕೈಯಿಂದ ಹರಿದದ್ದಾಗಿತ್ತು. ಪಕ್ಕದ ಮನೆಯವಳು ಮೆಲ್ಲಗೆ ಹೇಳಿದಳು: "ಆಕಿ ಮನ್ಯಾಗ ಅಲಗಂದ್ರ ಒಂದೂ ಇಲ್ರಿ. ಇಳಗಿ, ಕುಡಗೋಲ, ಎಲ್ಲಾ ಒಯ್ದು ಚಾವಡ್ಯಾಗ ಒಗದು ಬಂದಾಳ. ಕಾಯ್ದೆ ಬರೂಮಟಾ ದಾರಿ ಕಾಯಲಿಲ್ಲ."

ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟೆ. ಸೋಮಯ್ಯನೂ ಕತ್ತಿಯಿಂದಲೇ ಸತ್ತವನು. ನಮ್ಮ ಮನೆಯ ಕತ್ತಿಗಳು ಗೋಡೆಯ ಮೇಲೆ ತಮ್ಮ ಜಾಗದಲ್ಲೇ ಇವೆ. ಹಬ್ಬ ಬಂದಾಗ ಚಿಕ್ಕಪ್ಪ ಬಂದು ಅವಕ್ಕೆ ಎಣ್ಣೆ ಹಾಕಿ ಹೂವಿಟ್ಟು ಹೋಗುತ್ತಾರೆ. ತೆಗೆದಿಡಿ ಎಂದು ಹೇಳಲು ನನಗೆ ಬಾಯಿ ಬಂದಿಲ್ಲ. ಅವಳಿಗೆ ಕಾಲು ಬಂತು, ಹೊತ್ತುಕೊಂಡು ಹೋಗಿ ಎಸೆದಳು.

"ಯಾಕ ಯಪ್ಪಾ, ಉಣ್ಣವಲ್ರಿ?" ಎಂದಳು ಮಾಬೂಬಿ.

ಖಾರ ಎಂದೆ. ನೀರು ತಂದುಕೊಟ್ಟಳು.

ಬಬಲೇಶ್ವರ

ಬಬಲೇಶ್ವರಕ್ಕೆ ಹೋಗುವ ದಿನ ಬೆಳಿಗ್ಗೆ ಗುರುಲಿಂಗಪ್ಪ ತುಂಬ ಹುರುಪಿನಲ್ಲಿದ್ದ. ತಿಕೋಟಾ ಕಾಯಿದೆಯ ಕಡೆ ವಾಲಿತ್ತು; ಬಬಲೇಶ್ವರ ಸರಿದೂಗಿಸಬೇಕು. ಅಲ್ಲಿ ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಅವನೇ ಹೇಳಿಕೊಟ್ಟ. ಕತ್ತಿ ಕೈಯಲ್ಲಿದ್ದವನಿಗೆ ಜವಾಬ್ದಾರಿಯೂ ಇರುತ್ತದೆ, ನಂಬಿದ ಜನ ನಂಬಿಕೆ ಉಳಿಸಿಕೊಳ್ಳುತ್ತಾರೆ, ಇತ್ಯಾದಿ. ಚೆನ್ನಾಗಿತ್ತು. ಧಾರವಾಡದಲ್ಲಿ ನಾನೇ ಅವನಿಗೆ ಹೇಳಿದ ಮಾತುಗಳು. ಅವನ ಬಾಯಲ್ಲಿ ಹದವಾಗಿ ಹಣ್ಣಾಗಿದ್ದವು. ತಡೆಯಬೇಕೆನ್ನಿಸಿತು. ಮೋಟಾರಿನ ಸದ್ದಿನಲ್ಲಿ ಅಂಥ ಮಾತು ಹೇಗೆ ಆರಂಭಿಸುವುದು? ಹದಿನೈದು ಜನ ಕಿವಿ ಕೊಟ್ಟು ಕುಳಿತಿದ್ದರು.

ಸಭೆ ಬೇವಿನ ಮರದ ಕೆಳಗೆ. ಇಲ್ಲಿಯವರ ಮಾತು ಬೇರೆ ಬಗೆಯದು. ಕೊಡ್ಲಿ ಬರೆಸಿದರೆ ನಾಳೆ ಎತ್ತನ್ನೂ ಬರೆಸು ಅನ್ನುತ್ತಾರೆ ಎಂದ ಒಬ್ಬ ರೈತ. ಗಂಗವ್ವ ಎಂಬುವಳು ಹೆಂಗಸರ ಗುಂಪಿನಿಂದ ಎದ್ದಳು. ಹೊಲದ ಬೇಲಿಗೆ ಜಾಲಿಕಂಟಿ ಕಡಿಯುವ ಕೂಲಿಯವಳು, ಗಂಡ ಸತ್ತವಳು. ಕುಡಗೋಲು ಹೆಗಲ ಮೇಲೇ ಇತ್ತು.

"ನಮ್ಮೂರು ಜೈನಾಪುರ್ರಿ. ಕೂಲಿಗಿ ಇಲ್ಲಿಗಿ ಬರ್ತೇನಿ. ಸಂಜಿಮುಂದ ಒಬ್ಬಾಕೀನ ಹಾದಿ ಹಿಡೀತೇನಿ. ಯಾವನರ ಅಡ್ಡ ಬಂದು ನಿಂತ್ರ ಅವನ ಮುಂದ ಕಾಯ್ದೆ ಓದಾಕ ನನಗ ಬರೂದಿಲ್ಲ. ಹೆಗಲ ಮ್ಯಾಲ ಇದನ್ನ ನೋಡಿದ್ರ ಅವ ದೂರಿಂದನ ಹೊಳ್ಳಿ ಹೊಕ್ಕಾನ. ಇದನ್ನ ಇಟ್ಟು ಬಾ ಅಂದ್ರ ನಾ ಕೂಲಿಗಿ ಬರೂದ ಬಿಡಬೇಕಾಗ್ತೈತಿ."

ಜನ ಹೌದೌದು ಎಂದರು. ಗುರುಲಿಂಗಪ್ಪನ ಮುಖ ಅರಳಿತು. ನನ್ನ ಭುಜ ತಟ್ಟಿ ಎಬ್ಬಿಸಿದ.

ಎದ್ದು ನಿಂತೆ. ಇಷ್ಟು ಜನ ನನ್ನ ಬಾಯನ್ನೇ ನೋಡುತ್ತಿದ್ದರು, ಒಬ್ಬರೂ ನನ್ನವರಲ್ಲ. ಅದೇ ಕಾರಣಕ್ಕೆ ಬಾಯಿ ಬಂತೋ ಏನೋ.

"ನಮ್ಮಲ್ಲಿ ಗಂಡಸರ ಸೊಂಟದಲ್ಲಿ ಕತ್ತಿ ಇರುವುದು ನಿಜ," ಎಂದೆ. "ಅದರಿಂದ ಯಾರೂ ಸಾಯುವುದಿಲ್ಲ ಎಂಬುದು ನಿಜವಲ್ಲ. ನನ್ನ ತಮ್ಮ ಸತ್ತಿದ್ದಾನೆ."

ಆಮೇಲೆ ಹೇಳಿದೆ. ನಮ್ಮ ಮದುವೆಗಳಲ್ಲಿ ಬಾಳೆಯ ದಿಂಡು ನಿಲ್ಲಿಸಿ ಕತ್ತಿಯಿಂದ ಕಡಿಯುವ ಮರ್ಯಾದೆಯೊಂದಿದೆ. ಆ ಮದುವೆಯಲ್ಲಿ ಅದು ಯಾರಿಗೆ ಸಲ್ಲಬೇಕೆಂದು ಸೋಮಯ್ಯನಿಗೂ ನಮ್ಮ ಚಿಕ್ಕಪ್ಪನ ಮಗ ಬೋಪಯ್ಯನಿಗೂ ಮಾತು ಬೆಳೆಯಿತು. ಇಬ್ಬರೂ ಒಂದೇ ಕೋವಿ ಹಿಡಿದು ಬೇಟೆಗೆ ಹೋಗುತ್ತಿದ್ದವರು. ಇಬ್ಬರೂ ಕುಡಿದಿದ್ದರು. ನಗುತ್ತಾ ತಳ್ಳಿದರು, ಆಮೇಲೆ ನಗದೆ ತಳ್ಳಿದರು. ಸೊಂಟದ ಪೀಚೆಕತ್ತಿ ಒಡವೆಯ ಹಾಗೆ. ಅದನ್ನು ಆಯುಧವೆಂದು ಯಾರೂ ನೆನೆಯುವುದಿಲ್ಲ. ಬೋಪಯ್ಯನೂ ನೆನೆದಿರಲಾರ. ಕೈಗೆ ಸಿಕ್ಕಿತು, ಅಷ್ಟೆ. ನಾನು ಊಟದ ಚಪ್ಪರದ ಕಡೆ ನೆಂಟರನ್ನು ಕೂರಿಸುತ್ತಿದ್ದೆ. ವಾಲಗದ ಸದ್ದಿನಲ್ಲಿ ಏನೂ ಕೇಳಲಿಲ್ಲ. ನಾನು ಹೋಗುವ ಹೊತ್ತಿಗೆ ಬೋಪಯ್ಯ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂಗುತ್ತಿದ್ದ.

"ಆ ದಿನ ಬೋಪಯ್ಯನ ಸೊಂಟದಲ್ಲಿ ಅದು ಇರದಿದ್ದರೆ," ಎಂದೆ. ಅಷ್ಟಕ್ಕೇ ಕುಳಿತೆ.

ಗುರುಲಿಂಗಪ್ಪ ನನ್ನ ಕಡೆ ನೋಡಲಿಲ್ಲ. ಮಾತಾಡಿದವಳು ಗಂಗವ್ವ. ಅವಳ ದನಿಯಲ್ಲಿ ಜಗಳವಿರಲಿಲ್ಲ.

"ಮಾಸ್ತರ, ನಿಮ್ಮ ಸಂಕಟ ಖರೆ ಐತ್ರಿ. ಆದ್ರ ನಿಮ್ಮ ತಮ್ಮಗ ಹತ್ತಿದ್ದು ನನ್ನ ಕುಡಗೋಲ ಅಲ್ಲಲ್ಲರಿ."

"ಅಲ್ಲವ್ವ."

"ಮತ್ತ ನನ್ನ ಕೈಯಾಂದ ಯಾಕ ಇಸಕೋಬೇಕ್ರಿ?"

ಮಾಬೂಬಿಯ ಮಾತು ಸರಿ, ಗಂಗವ್ವನ ಮಾತೂ ಸರಿ. ಎರಡು ಸರಿಗಳ ನಡುವೆ ಒಂದು ಕಾಯಿದೆಯನ್ನು ಹೇಗೆ ಬರೆಯುತ್ತಾರೋ ನಾನು ಕಾಣೆ.

ಜೈನಾಪುರದ ಹಾದಿ

ಸಂಜೆಯ ಮೋಟಾರು ಬರಲೇ ಇಲ್ಲ. ಜೈನಾಪುರದಲ್ಲಿ ಗುರುಲಿಂಗಪ್ಪನ ಕಕ್ಷಿದಾರರೊಬ್ಬರ ಮನೆಯಲ್ಲಿ ಚಕ್ಕಡಿ ಸಿಗುತ್ತದೆಂದು ನಡೆದು ಹೊರಟೆವು. ಗಂಗವ್ವನದೂ ಅದೇ ಹಾದಿ. ಬಿಸಿಲು ಇಳಿದಿತ್ತು. ಹೊಲಗಳು ಬರಿದಾಗಿದ್ದವು, ಜಾಲಿಕಂಟಿಯ ಬೇಲಿಗಳು ಮಾತ್ರ. ಅವಳು ಮುಂದೆ, ನಾವಿಬ್ಬರು ಹಿಂದೆ. ಗುರುಲಿಂಗಪ್ಪ ನಡೆಯುತ್ತಲೇ ಇದ್ದ, ಒಂದು ಮಾತಿಲ್ಲ. ಇದ್ದ ಒಬ್ಬ ಗೆಳೆಯನನ್ನೂ ನಾನು ಇವತ್ತು ಕಳೆದುಕೊಂಡೆ ಎಂದುಕೊಂಡೆ. ಅವನ ವಾದವನ್ನು ಅವನ ಜನರೆದುರೇ ಮುರಿದು ಹಾಕಿದ್ದೆ.

ಕೊನೆಗೆ ನಾನೇ ಹೇಳಿದೆ. "ನಿನ್ನ ಕೆಲಸ ಕೆಡಿಸಿದೆ. ಕ್ಷಮಿಸು."

ಅವನು ನಿಂತ. "ಕೆಲಸದ ಮಾತ ಯಾವನು ಆಡಾಕತ್ತಾನ? ಎರಡ ವರ್ಸ ಒಂದ ಖೋಲ್ಯಾಗ ಇದ್ದೇವಿ. ನಿನಗ ಟೈಫಾಯ್ಡ್ ಆದಾಗ ನಿನ್ನ ಹಾಸಿಗಿ ಒಗದೇನಿ. ನಿನ್ನ ತಮ್ಮ ಹೆಂಗ ಸತ್ತ ಅನ್ನೂದು ಬಬಲೇಶ್ವರದ ಮಂದಿ ಸಂಗಾಟ ಕುಂತು ನಾ ಕೇಳಬೇಕಾತಲ್ಲ."

"ನೀನು ಕೇಳಲಿಲ್ಲ."

"ಹೌದು. ಕೇಳಲಿಲ್ಲ." ಅವನ ದನಿ ತಗ್ಗಿತು. "ಹೋದಾನ ಅಂತ ಗೊತ್ತಾತು. ಹೆಂಗ ಅಂತ ಕೇಳಿದ್ರ ನಿನಗ ನೋವಾಗ್ತೈತಿ ಅಂತ ಬಿಟ್ಟೆ."

ಊರಿನಲ್ಲಿಯೂ ಎಲ್ಲರೂ ಹಾಗೆಯೇ ಬಿಟ್ಟಿದ್ದರು. ನನಗೆ ನೋವಾಗಬಾರದೆಂದು ಒಂದು ವರ್ಷದಿಂದ ಯಾರೂ ನನ್ನೆದುರು ಸೋಮಯ್ಯನ ಹೆಸರೆತ್ತಿರಲಿಲ್ಲ. ಅಂಗಡಿಯಲ್ಲಿ ನಾನು ಕಾಲಿಟ್ಟರೆ ಮಾತು ಬದಲಾಗುತ್ತಿತ್ತು. ಒಬ್ಬ ಮನುಷ್ಯನನ್ನು ಒಂಟಿ ಮಾಡಲು ಇದಕ್ಕಿಂತ ಒಳ್ಳೆಯ ಮರ್ಯಾದೆಯ ದಾರಿ ಇನ್ನೊಂದಿಲ್ಲ.

ಗಂಗವ್ವ ಅಷ್ಟು ದೂರದಲ್ಲಿ ನಿಂತು ಕೂಗಿದಳು: "ಹಿಂದ ಉಳೀಬ್ಯಾಡ್ರಿ ಸಾಹೇಬರ. ಮುಂದ ಹಳ್ಳದಾಗ ನಾಯಿ ಬಾಳ ಅದಾವ. ನಿಮ್ಮ ಕೈಯಾಗ ಏನೂ ಇಲ್ಲ." ನಾವಿಬ್ಬರೂ ಬೇಗಬೇಗ ಹೆಜ್ಜೆ ಹಾಕಿ ಅವಳ ಬೆನ್ನಿಗೆ ಬಂದೆವು. ಗುರುಲಿಂಗಪ್ಪನಿಗೆ ನಗು ಬಂತು. ನನಗೂ.

ಜೈಲಿನ ಬಾಗಿಲು

ಮರುದಿನ ಗುರುಲಿಂಗಪ್ಪ ಅಭಿಪ್ರಾಯ ಬರೆಯಲು ಕುಳಿತ. ಮೊದಲು ಅಂದುಕೊಂಡದ್ದನ್ನು ಬರೆಯಲಿಲ್ಲ. ಪೇಟೆ, ಸಂತೆ, ಮದುವೆಯ ಮಂದಿಯ ನಡುವೆ ಕೆಲಸವಿಲ್ಲದ ಚೂರಿಯನ್ನು ಒಯ್ಯುವುದನ್ನು ತಡೆಯಿರಿ. ಹೊಲದ್ದನ್ನೂ ಒಲೆಯ ಮುಂದಿನದನ್ನೂ ಕಸುಬಿನದನ್ನೂ ಮುಟ್ಟಬೇಡಿ ಎಂದು ಬರೆದ. ಮದುವೆ ಎಂಬ ಮಾತನ್ನು ಬರೆಯುವಾಗ ತಲೆಯೆತ್ತಿ ನನ್ನನ್ನು ನೋಡಿದ. ಕೆಲಸವಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಪೊಲೀಸಿನವನಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ಅದಕ್ಕ ವಕೀಲರು ಅದಾರ," ಎಂದ. ನಾನು ಇದನ್ನು ಬರೆಯುವವರೆಗೂ ಆ ಕರಡು ಹಾಗೆಯೇ ಇದೆಯಂತೆ, ಕಾಯಿದೆಯೂ ಆಗಿಲ್ಲ, ಹಿಂದಕ್ಕೂ ಹೋಗಿಲ್ಲ.

ನಾನು ಊರಿಗೆ ಹೊರಡುವ ದಿನ ಬೆಳಿಗ್ಗೆ ಮಾಬೂಬಿ ಬಂದಳು. ಕಂಕುಳಲ್ಲಿ ಬುತ್ತಿಯ ಗಂಟಿತ್ತು. ಏನು ಬರೆದಿರಿ ಎಂದು ಕೇಳಿದಳು. ಗುರುಲಿಂಗಪ್ಪ ಓದಿ ಹೇಳಿದ. ಅರ್ಧ ಮಾತು ತನ್ನದು, ಅರ್ಧ ತನ್ನದಲ್ಲ ಎಂಬಂತೆ ತಲೆಯಾಡಿಸಿದಳು. ಬಬಲೇಶ್ವರದ ಸುದ್ದಿ ಅವಳಿಗೆ ಆಗಲೇ ತಲುಪಿತ್ತು. ಸಂತೆಗೆ ಹೋಗಿ ಬಂದವರು ಹೇಳಿದ್ದರಂತೆ.

"ಏನ ಹೆಸರ್ರಿ ನಿಮ್ಮ ತಮ್ಮಂದು?"

"ಸೋಮಯ್ಯ."

"ಸೋಮಯ್ಯ," ಎಂದು ಮೆಲ್ಲಗೆ ಹೇಳಿದಳು. ಆಮೇಲೆ, "ಇವತ್ತ ಜೇಲಿನ್ಯಾಗ ಭೆಟ್ಟಿಗಿ ಬಿಡ್ತಾರ. ಲಾಲ್ಯಾಗ ಬುತ್ತಿ ತಂದೇನಿ. ಒಬ್ಬಾಕಿ ಹೋದ್ರ ಬಾಗಲಾಗಿನ ಪೊಲೀಸಾ ದಿನಾ ಒಂದ ನೆವ ಹೇಳ್ತಾನ. ಅಲ್ಲೀಮಟಾ ಬರ್ತೀರೇನ್ರಿ?"

ಲಾಲ್ಯಾ ಎಂದರೆ ಲಾಲಸಾಬ, ಅವಳ ಮಗನನ್ನು ಕೊಂದವನು. ಅವನ ವಿಚಾರಣೆ ಇನ್ನೂ ಆಗಬೇಕಿತ್ತು. ಅವನಿಗೆ ತಾಯಿ ತಂದೆಯಿಲ್ಲ, ಚಿಕ್ಕವನಿದ್ದಾಗಿನಿಂದ ಮಾಬೂಬಿಯ ಒಲೆಯ ಮುಂದೆಯೇ ಉಂಡು ಬೆಳೆದವನು. ಇಷ್ಟನ್ನು ನಡೆಯುತ್ತಾ ಹೇಳಿದಳು. ಪೇಟೆಯ ಬೀದಿಯಲ್ಲಿ ನಾವು ಹೋಗುತ್ತಿದ್ದರೆ ಕೆಲವರು ಅವಳನ್ನು ಗುರುತಿಸಿ ದಾರಿ ಬಿಟ್ಟರು. ಅವಳು ಅದನ್ನು ನೋಡಿಯೂ ನೋಡದಂತೆ ನಡೆದಳು.

"ಅವನನ್ನು ಕ್ಷಮಿಸಿದ್ದೀಯೇನವ್ವ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಇಲ್ರಿ," ಎಂದಳು ತಕ್ಷಣ. "ಸಿಟ್ಟು ಹೋಗಿಲ್ಲ. ಹೋಗೂದೂ ಇಲ್ಲ. ಆದ್ರ ದಾವಲ ಕಡೀ ಹೊತ್ತಿನ್ಯಾಗ ಏನಂದ ಅನ್ನೂದು ಅವನೊಬ್ಬಗ ಗೊತ್ತೈತಿ. ನಾ ಹೋಗೂದ್ರಾಗ ಮಗನ ಬಾಯಿ ಮುಚ್ಚಿತ್ತು. ಅದನ್ನ ಕೇಳಾಕ ಹೊಕ್ಕೇನಿ. ಹೋದಾಗೊಮ್ಮೆ ಅಳ್ತಾನ. ಹೇಳೂದಿಲ್ಲ. ಅಳೂದು ಮುಗದ ಮ್ಯಾಲ ಹೇಳ್ತಾನ."

ಬಾಗಿಲಲ್ಲಿ ಪೊಲೀಸಿನವನು ನನ್ನ ಕೋಟನ್ನು ನೋಡಿ ಹೆಚ್ಚು ಮಾತಾಡದೆ ಅವಳನ್ನು ಒಳಗೆ ಬಿಟ್ಟ. ನಾನು ಹೊರಗಿನ ಗೋಡೆಯ ನೆರಳಿನಲ್ಲಿ ನಿಂತೆ. ಭೇಟಿಗೆ ಬಂದ ಬೇರೆಯವರೂ ಇದ್ದರು. ಒಬ್ಬ ಹೆಂಗಸು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಒಬ್ಬ ಮುದುಕ ನನ್ನನ್ನು, "ನಿಮ್ಮವ್ರು ಯಾರದಾರ್ರಿ ಒಳಗ?" ಎಂದು ಕೇಳಿದ. ಚಿಕ್ಕಪ್ಪನ ಮಗ ಎಂದೆ. ಇಲ್ಲಲ್ಲ, ಬೇರೆ ಊರಿನ ಜೈಲಿನಲ್ಲಿ ಎಂದು ಸೇರಿಸಬೇಕಿತ್ತು, ಸೇರಿಸಲಿಲ್ಲ. ಅವನು ಸರಿದು ನನಗೆ ಜಾಗ ಮಾಡಿಕೊಟ್ಟ. ಇಡೀ ಪ್ರಯಾಣದಲ್ಲಿ ನಾನು ಯಾರಿಗೋ ಸೇರಿದವನಂತೆ ಕುಳಿತದ್ದು ಅಲ್ಲೊಂದೇ ಕಡೆ.

ಮಾಬೂಬಿ ಹೊರಗೆ ಬಂದಾಗ ಅವಳ ಮುಖದಿಂದ ಏನೂ ತಿಳಿಯಲಿಲ್ಲ.

"ಹೇಳಿದನೇನವ್ವ?"

"ಇಲ್ರಿ." ಬುತ್ತಿಯ ಬಟ್ಟೆಯನ್ನು ಕೊಡವಿ ಮಡಿಚಿದಳು. "ಉಂಡ. ಇವತ್ತ ಅಳಲಿಲ್ಲ, ಉಂಡ. ಮುಂದಿನ ಭೆಟ್ಟಿಗಿ ಕೇಳ್ತೇನಿ."

ತಿಕೋಟಾದ ಮೋಟಾರು ನಿಲ್ಲುವ ಕಡೆಗೆ ಅವಳು ಹೋದಳು. ಮಧ್ಯಾಹ್ನದ ಗಾಡಿಗೆ ಗುರುಲಿಂಗಪ್ಪ ನನ್ನನ್ನು ಹತ್ತಿಸಿದ. ಗಾಡಿ ಹೊರಡುವವರೆಗೂ ಕಿಟಕಿ ಹಿಡಿದುಕೊಂಡು ಸೋಮಯ್ಯ ಹೇಗಿದ್ದ, ಏನು ಓದಿದ್ದ, ನನ್ನ ಹಾಗೆಯೇ ಉದ್ದ ಮೂಗೇ ಎಂದು ಕೇಳುತ್ತಲೇ ಇದ್ದ. ನಾನು ಹೇಳುತ್ತಲೇ ಇದ್ದೆ. ಗಾಡಿ ಚಲಿಸಿದಾಗ ಒಂದು ಮಾತಿನ ನಡುವೆ ಇದ್ದೆ.

ಬೋಪಯ್ಯ ಕಣ್ಣಾನೂರಿನ ಜೈಲಿನಲ್ಲಿದ್ದಾನೆ. ವಿಜಾಪುರದಷ್ಟು ದೂರವೇನಲ್ಲ, ವಿರಾಜಪೇಟೆಯಲ್ಲಿ ಬಸ್ಸು ಹತ್ತಿ ಘಟ್ಟ ಇಳಿದರೆ ಬಂತು. ಸೋಮಯ್ಯ ಕೊನೆಯಲ್ಲಿ ಏನಾದರೂ ಹೇಳಿದ್ದರೆ ಅದು ಅವನೊಬ್ಬನಿಗೇ ಗೊತ್ತು. ನಾನಿನ್ನೂ ಹೋಗಿಲ್ಲ. ಭೇಟಿಗೆ ಯಾವ ದಿನ ಬಿಡುತ್ತಾರೆಂದು ವಿಚಾರಿಸಿಕೊಂಡಿದ್ದೇನೆ. ಬರಿಗೈಯಲ್ಲಿ ಹೋಗಬಾರದಲ್ಲ, ಅವನಿಗೆ ಯಾವ ತಿಂಡಿ ಇಷ್ಟವಾಗಿತ್ತೆಂದು ಯೋಚಿಸುತ್ತಿದ್ದೇನೆ. ಒಂದೇ ಅಡುಗೆಮನೆಯಲ್ಲಿ ಉಂಡು ಬೆಳೆದವರು ನಾವು. ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.